ಮೊಳೆಗೆ ತಗುಲಿಹಾಕಿದ ಬೀಗದಕೈ

ಮಾರ್ಚ್ 4, ಬೆಳಿಗ್ಗೆ
ಸೂಜಿಯ ವಾಯ್ಸ್ ನೋಟ್, ಮುಳ್ಳಿಗೆ

ಲೋ ಮುಳ್ಳು, ಕೇಳಿಸ್ತಿದೆಯೇನೋ? ದವಡೆ ಮುರಿದಿದೆ, ತಂತಿ ಹಾಕಿ ಬಿಗಿದಿದ್ದಾರೆ, ಮಾತಾಡೋ ಹಾಗಿಲ್ಲ, ಆದ್ರೆ ಕಿವಿಗೇನೂ ಆಗಿಲ್ಲ ಅಂತ ನಿನ್ನ ತಂಗಿ ಹೇಳಿದ್ಳು. ಅಷ್ಟು ಸಾಕು ಬಿಡು. ಇಷ್ಟು ವರ್ಷ ನಮ್ಮಿಬ್ಬರ ಮಧ್ಯೆ ದುಡಿದಿದ್ದು ನನ್ನ ಬಾಯಿ, ನಿನ್ನ ಕಿವಿ ತಾನೆ.

ನಿನ್ನೆ ಏನಾಯ್ತು ಅಂತ ನನ್ನ ಕಡೆಯಿಂದ ಹೇಳ್ತೀನಿ ಕೇಳು. ಮಧ್ಯಾಹ್ನ ಊಟ ಮುಗಿಸಿ ಅಂಗಡಿಗೆ ಬಂದೆ. ಬೈಕ್ ಇಲ್ಲ. ಬೈಕಿನ ಕೀ ತಗುಲಿಹಾಕೋ ಮೊಳೆ ಕಡೆ ನೋಡಿದೆ. ನಿನ್ನ ಗಡಿಯಾರದಂಗಡಿ ಬೀಗದಕೈ ನೇತಾಡ್ತಾ ಇತ್ತು. ಸರಿ, ಮುಳ್ಳು ಎಲ್ಲೋ ಹೋಗಿದ್ದಾನೆ ಅಂದ್ಕೊಂಡು ಮೆಷಿನ್ ಮುಂದೆ ಕೂತೆ. ಡಾಕ್ಟರ ಮನೆ ಸೋಫಾ ಕವರು, ಅರ್ಧ ಅಂಚು ಹೊಲಿದಿದ್ದೆ. ಎದುರುಗಡೆ ಔಷಧಿ ಅಂಗಡಿಯವನು ಓಡಿಬಂದು ‘ನಿಮ್ಮ ಬೈಕ್ ಬಿದ್ದಿದೆ’ ಅಂದ. ಬೈಕ್ ಬಿದ್ದಿದೆಯಂತೆ! ನೀನು ಬಿದ್ದಿದ್ದು ಅವನಿಗೆ ಆಮೇಲೆ ನೆನಪಾಯ್ತು.

ನಾನು ಬರೋ ಹೊತ್ತಿಗೆ ನಿನ್ನನ್ನ ನಿನ್ನ ತಂಗಿ ಊರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡೋ ಹೆಂಗಸು ರಸ್ತೆ ಮೇಲೇ ಕೂತಿದ್ಳು. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಸುತ್ತ ಮಡಿಸಿದ ಬಟ್ಟೆಯೆಲ್ಲ ಚೆಲ್ಲಾಪಿಲ್ಲಿ. ಅವಳು ಅಳ್ತಾ ಇರ್ಲಿಲ್ಲ ಕಣೋ, ಬಂದವರಿಗೆಲ್ಲ ‘ಬಟ್ಟೆ ತುಳೀಬೇಡಿ, ಬಟ್ಟೆ ತುಳೀಬೇಡಿ’ ಅಂತಿದ್ಳು. ರಾತ್ರಿಯೆಲ್ಲ ಅದೇ ಕಿವಿಯಲ್ಲಿ.

ಬೈಕ್ ಪೊಲೀಸ್ ಸ್ಟೇಷನ್‌ನಲ್ಲಿದೆ. ಹೋದ ತಿಂಗಳು ಅಷ್ಟು ಮುದ್ದಾಗಿ ಹೊಲಿದಿದ್ದ ಸೀಟು ಸೀಳಿಹೋಗಿದೆ. ಹೋಗ್ಲಿ, ಸೀಟು ಹೊಲಿಯೋನಿಗೆ ಸೀಟಿನ ಚಿಂತೆಯಾ. ಕಾಗದ ಪತ್ರದ್ದೆಲ್ಲ ನಾನು ನೋಡ್ಕೋತೀನಿ, ನೀನು ತಲೆ ಕೆಡಿಸ್ಕೋಬೇಡ. ನಿನ್ನ ಅಂಗಡಿ ತೆಗೆದು ಗಡಿಯಾರಗಳಿಗೆಲ್ಲ ಕೀ ಕೊಟ್ಟೆ. ಮೂಲೆಯಲ್ಲಿರೋ ಆ ಉದ್ದನೇದು ಹೊಡೆಯೋದನ್ನ ಕೇಳಿ ಸ್ವಲ್ಪ ಧೈರ್ಯ ಬಂತು. ಏನಾದ್ರೂ ಒಂದಕ್ಷರ ಬರಿ ಮಾರಾಯ.


ಮಾರ್ಚ್ 6
ಮುಳ್ಳಿನ ಉತ್ತರ, ಮೊಬೈಲಿನಲ್ಲಿ ಬರೆದದ್ದು

ಎಡಗೈ ಹೆಬ್ಬೆರಳಿನಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಪ್ಲಾಸ್ಟರ್. ಈ ದವಡೆ ತಂತಿಯನ್ನು ನಿನಗೆ ಹಾಕಬೇಕಿತ್ತು, ಅತ್ತಿಗೆಗೆ ಒಂದಿಷ್ಟು ನೆಮ್ಮದಿ ಸಿಗುತ್ತಿತ್ತು.

ತಿರುವಿನಲ್ಲಿ ನಾನೇ ಜೋರಾಗಿ ಹೋದೆ. ಅವಳ ತಪ್ಪೇನೂ ಇಲ್ಲ. ಅವಳ ಕಾಲು ಹೇಗಿದೆ? ಇಲ್ಲಿ ಯಾರನ್ನು ಕೇಳಿದರೂ ‘ನೀವು ಮಲಗಿ’ ಅನ್ನುತ್ತಾರೆ.

ಇನ್ನೊಂದು. ಬೈಕಿಗೆ ಇನ್ಷೂರೆನ್ಸ್ ಇದೆ ತಾನೆ?


ಮಾರ್ಚ್ 7, ಸಂಜೆ
ಸೂಜಿಯ ವಾಯ್ಸ್ ನೋಟ್

ಬರೆದೆಯಲ್ಲ, ಜೀವ ಬಂತು. ಮನೆಯವಳಿಗೆ ತೋರಿಸಿದೆ, ತಂತಿ ವಿಷಯ ಓದಿ ನಗಾಡಿದ್ಳು, ಆಮೇಲೆ ಒಳಗೆ ಹೋಗಿ ಅತ್ಳು. ಡಾಕ್ಟರ ಮನೆ ಸೋಫಾ ಮುಗೀತು. ಬಣ್ಣ ಒಪ್ಪಲಿಲ್ಲವಂತೆ, ಆರಿಸಿದ್ದು ಅವರೇ. ಬೆಳಿಗ್ಗೆಯಿಂದ ಕರೆಂಟೂ ಇಲ್ಲ...

ಸರಿ, ಸುತ್ತಿ ಬಳಸಿ ಎಷ್ಟೊತ್ತು ಹೇಳ್ಲಿ. ಇಲ್ಲ ಕಣೋ. ಇನ್ಷೂರೆನ್ಸ್ ಇಲ್ಲ. ಡಿಸೆಂಬರಿಗೇ ಮುಗಿದಿತ್ತು. ಏಜೆಂಟ್ ಫೋನ್ ಮಾಡ್ತಾನೇ ಇದ್ದ, ನಾನು ನಾಳೆ ನಾಳೆ ಅಂತಾನೇ ಇದ್ದೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ, ಅದಕ್ಕೇನು ಅವಸರ ಅನ್ನಿಸ್ತು. ನಿನಗೆ ಹೇಳ್ಬೇಕು ಅಂತ ಹೊಳೀಲೇ ಇಲ್ಲ.

ಇವತ್ತು ಸ್ಟೇಷನ್‌ಗೆ ಕರೆಸಿದ್ರು. ಸಾಹೇಬ್ರು ಸಣ್ಣ ವಯಸ್ಸಿನವರು, ಆದ್ರೆ ಮುಖ ಮಾತ್ರ ರಿಟೈರಾದವರ ಥರ.

‘ಬೈಕ್ ನಿಮ್ಮದಾ?’

‘ನಂದೇ ಸಾರ್.’

‘ಇನ್ಷೂರೆನ್ಸ್?’

‘ಮಾಡಿಸ್ಬೇಕು ಸಾರ್.’

‘ಮನೆಗೆ ಸುಣ್ಣ ಹೊಡೆಸ್ಬೇಕು ಅನ್ನೋ ಥರ ಹೇಳ್ತೀರಲ್ರೀ!’

ಆಮೇಲೆ ಬಿಡಿಸಿ ಹೇಳಿದ್ರು. ಓಡಿಸಿ ಗುದ್ದಿದವನ ಮೇಲೆ ಒಂದು ಕೇಸು. ಇನ್ಷೂರೆನ್ಸ್ ಇಲ್ಲದ ಗಾಡೀನ ಇನ್ನೊಬ್ಬನ ಕೈಗೆ ಕೊಟ್ಟ ಮಾಲೀಕನ ಮೇಲೆ ಇನ್ನೊಂದು. ಆ ಹೆಂಗಸಿಗೆ ಕೋರ್ಟು ಪರಿಹಾರ ಕೊಡಿ ಅಂದ್ರೆ, ಕೊಡೋಕೆ ಕಂಪನಿ ಅಂತ ಯಾರೂ ಬರಲ್ಲ. ‘ನಿಮ್ಮ ಜೇಬಿಂದ ಬರಬೇಕು. ಜೇಬಲ್ಲಿ ಇಲ್ಲ ಅಂದ್ರೆ ಅಂಗಡಿಯಿಂದ’ ಅಂದ್ರು. ನನ್ನ ಅಂಗಡೀಲಿ ಏನಿದೆ ಹೇಳು, ಆ ದೊಡ್ಡ ಮೆಷಿನ್ ಬಿಟ್ರೆ ದಾರದುಂಡೆ, ಸ್ಪಂಜು. ಮೆಷಿನ್ ಹೋದ್ರೆ ನಾನು ಬರೀ ಬಾಯಿ.

ಆಗ್ಲಿ, ನೋಡೋಣ. ನಿನ್ನ ಲೈಸೆನ್ಸ್ ಎಲ್ಲಿಟ್ಟಿದ್ದೀಯಾ? ಸಾಹೇಬ್ರು ಕೇಳಿದ್ರು. ಅಂಗಡಿ ಡ್ರಾಯರಲ್ಲಿದೆ ಅಂದ್ರೆ ನಾನೇ ತಗೊಂಡು ಹೋಗಿ ತೋರಿಸ್ತೀನಿ.


ಮಾರ್ಚ್ 10, ಮಧ್ಯಾಹ್ನ
ಸೂಜಿಯ ವಾಯ್ಸ್ ನೋಟ್

ಉತ್ತರ ಇಲ್ಲ. ಇನ್ಷೂರೆನ್ಸ್ ಇಲ್ಲ ಅಂದಿದ್ದಕ್ಕೆ ಸಿಟ್ಟು ಬಂತಾ? ಬರಲಿ, ಬರಬೇಕಾದ್ದೇ. ಆದ್ರೆ ಲೈಸೆನ್ಸ್ ಎಲ್ಲಿದೆ ಅಂತ ಹೇಳೋಕೆ ಸಿಟ್ಟು ಅಡ್ಡ ಬರಬಾರದು.

ವಕೀಲರ ಹತ್ರ ಹೋಗಿದ್ದೆ. ಮನೆಯವಳೇ ಎಳ್ಕೊಂಡು ಹೋದ್ಳು. ವಕೀಲರು ಮೊದಲು ಹೇಳಿದ್ದೇ ‘ಇದರ ಬಗ್ಗೆ ಯಾರ ಹತ್ರಾನೂ ಬಾಯಿ ಬಿಡಬೇಡಿ’ ಅಂತ. ಮನೆಯವಳು ಹೇಳಿದ್ಳು, ‘ಸಾರ್, ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ.’ ಯಾರ ಹತ್ರಾನೂ ಅಂದ್ರೆ ನೀನು ಸೇರಲ್ಲ ಅಂತ ನಾನೇ ತೀರ್ಮಾನ ಮಾಡ್ಕೊಂಡಿದ್ದೀನಿ.

ಅವರು ಕೂರೋ ಕುರ್ಚಿ ಸೀಟು ಹರಿದು ಸ್ಪಂಜು ಹೊರಗೆ ಇಣುಕ್ತಾ ಇದೆ. ನನ್ನ ಕಣ್ಣು ಅಲ್ಲೇ. ಅವರು ಕೇಳಿದ್ರು, ‘ಗಾಡಿ ನೀವು ಕೊಟ್ರಾ, ಅವರು ತಗೊಂಡ್ರಾ?’

‘ಎರಡೂ ಒಂದೇ ಅಲ್ವಾ ಸಾರ್?’

ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ‘ಆ ಎರಡರ ಮಧ್ಯೆ ನಿಮ್ಮ ಅಂಗಡಿ ಇದೆ’ ಅಂದ್ರು.

ಆಗ ಮೊಳೆ ವಿಷಯ ಹೇಳ್ದೆ. ನಾನು ಮೆಷಿನ್ ತುಳೀತಿದ್ರೆ ಯಾರು ಏನು ಕೇಳಿದ್ರೂ ಕೇಳಿಸಲ್ಲ. ನಿಲ್ಲಿಸಿ ಕೇಳಿಸ್ಕೊಂಡ್ರೆ ಮಾತು ಶುರುವಾಗತ್ತೆ, ಮುಗಿಯಲ್ಲ. ‘ಬೈಕ್ ಬೇಕು ಅಂತ ಕೇಳೋಕೆ ಬಂದ್ರೆ ನನ್ನ ಅರ್ಧ ದಿನ ಹೋಗತ್ತೆ, ಇನ್ಮೇಲೆ ಕೇಳಲ್ಲ, ನನ್ನ ಬೀಗದಕೈ ನಿನ್ನ ಮೊಳೆಗೆ ಹಾಕಿ ನಿನ್ನ ಬೈಕಿನ ಕೀ ತಗೊಂಡು ಹೋಗ್ತೀನಿ’ ಅಂತ ನೀನೇ ಅಲ್ವಾ ಬೈದಿದ್ದು? ನಿನ್ನ ಏಣಿ, ಟಾರ್ಚು ಬೇಕಾದಾಗ ನಾನೂ ಹಾಗೇ, ನನ್ನ ಅಂಗಡಿ ಬೀಗದಕೈ ನಿನ್ನ ಮೇಜಿನ ಮೇಲಿಟ್ಟು ತಗೊಂಡು ಬರ್ತಿದ್ದೆ. ತಗೊಂಡವನು ತನ್ನದೊಂದು ಇಡಬೇಕು, ಅಷ್ಟೇ ನಿಯಮ. ವರ್ಷಗಟ್ಟಲೆ ನಡೀತು, ಒಂದು ಸಲಾನೂ ತಾಪತ್ರಯ ಆಗ್ಲಿಲ್ಲ.

ಮನೆಯವಳು ‘ಇವರಿಬ್ರೂ ಹುಡುಗರ ಥರ ಸಾರ್’ ಅಂದ್ಳು. ವಕೀಲರು ನಗಲಿಲ್ಲ. ‘ಆ ಬೀಗದಕೈ ಈಗ ಎಲ್ಲಿದೆ?’ ಅಂದ್ರು. ‘ಮೊಳೆಯಲ್ಲೇ ಇದೆ’ ಅಂದೆ. ಏನೋ ಹೇಳಿದ್ರು. ಅದನ್ನ... ಆಮೇಲೆ ಹೇಳ್ತೀನಿ, ಯಾರೋ ಗಿರಾಕಿ ಬಂದ ಹಾಗಿದೆ.


ಮಾರ್ಚ್ 12
ಮುಳ್ಳಿನ ಉತ್ತರ

ಸಿಟ್ಟಿಲ್ಲ.

ಗಡಿಯಾರಗಳಿಗೆ ಕೀ ಕೊಡುತ್ತಿದ್ದೀಯಾ? ಉದ್ದನೆಯದಕ್ಕೆ ಹೆಚ್ಚು ತಿರುಗಿಸಬೇಡ, ಸ್ಪ್ರಿಂಗ್ ಹಳೆಯದು.

ಗಿರಾಕಿ ಬಂದರೆ ನೀನು ಮಾತು ನಿಲ್ಲಿಸುವವನಲ್ಲ. ಅವರನ್ನೂ ಕೂರಿಸಿಕೊಂಡು ಮುಂದುವರಿಸುವವನು.

ಅವಳ ಕಾಲಿನ ವಿಷಯ ಮತ್ತೆ ಹೇಳಲಿಲ್ಲ.


ಮಾರ್ಚ್ 15
ಸೂಜಿಯ ವಾಯ್ಸ್ ನೋಟ್

ಹಲೋ. ಚೆನ್ನಾಗಿದ್ದೀಯಾ. ಒಂದು ವಿಷಯ. ನಿನ್ನ ಅಂಗಡಿ ಬೀಗದಕೈಯನ್ನ ನಿನ್ನ ತಂಗಿ ಮನೆ ವಿಳಾಸಕ್ಕೆ ಕೊರಿಯರ್ ಮಾಡಿದ್ದೀನಿ. ಈ ನಡುವೆ ನಂಗೆ ಸೊಂಟ ನೋವು, ಶಟರ್ ಎತ್ತೋಕೆ ಆಗ್ತಿಲ್ಲ. ನಿನ್ನ ವಸ್ತು ನಿನ್ನ ಹತ್ರ ಇದ್ರೇ ಒಳ್ಳೇದು ಅನ್ನಿಸ್ತು. ಇಲ್ಲಿ ಕಳ್ಳತನ ಗಿಳ್ಳತನ ಅಂತ... ಅಲ್ಲ, ಹಾಗೇನಿಲ್ಲ. ಸುಮ್ನೆ ಹೇಳ್ದೆ. ಔಷಧಿ ಸರಿಯಾಗಿ ತಗೋ. ಇಡ್ತೀನಿ.


ಮಾರ್ಚ್ 18
ಮುಳ್ಳಿನ ಉತ್ತರ

ಆಸ್ಪತ್ರೆಯಿಂದ ಬಿಟ್ಟರು. ತಂಗಿಯ ಮನೆಗೆ ಬಂದೆ. ಮಂಚದ ಮೇಲೆ ನಿನ್ನ ಕವರ್ ಕಾಯುತ್ತಿತ್ತು.

ಬೀಗದಕೈ ಮಾತ್ರ ಇತ್ತು. ಎರಡು ಸಾಲಿನ ಚೀಟಿಯನ್ನೂ ಇಡದೆ ನೀನು ಏನನ್ನಾದರೂ ಕಳಿಸಿದ್ದು ಇದೇ ಮೊದಲು. ತಂಗಿ ‘ಇದೇನಣ್ಣಾ?’ ಅಂದಳು. ಅವಳಿಗೆ ಅರ್ಥವಾಗಲಿಲ್ಲ, ನನಗಾಯಿತು.

ಸಾಹೇಬರು 20ನೇ ತಾರೀಕು ಇಲ್ಲಿಗೇ ಬಂದು ನನ್ನ ಹೇಳಿಕೆ ಬರೆದುಕೊಳ್ಳುತ್ತಾರಂತೆ.


ಮಾರ್ಚ್ 19, ಬೆಳಿಗ್ಗೆ
ಸೂಜಿಯ ವಾಯ್ಸ್ ನೋಟ್

ಇಪ್ಪತ್ತಕ್ಕೆ ಅಂದ್ರೆ ನಾಳೆ! ಲೋ, ಮೊದಲು ಇದನ್ನ ಪೂರ್ತಿ ಕೇಳು. ಮಧ್ಯದಲ್ಲಿ ನಿಲ್ಲಿಸ್ಬೇಡ.

ವಕೀಲರು ಅವತ್ತು ಹೇಳಿದ್ದು ಇದು. ಮೊಳೆಯಲ್ಲಿ ಬೀಗದಕೈ ಇದ್ರೆ ನಾನು ಕೊಟ್ಟ ಹಾಗೆ. ಇಲ್ಲದಿದ್ರೆ ನೀನು ತಗೊಂಡ ಹಾಗೆ. ‘ಅವತ್ತು ಅವರು ನಿಮ್ಮನ್ನ ಬಾಯಿ ಬಿಟ್ಟು ಕೇಳಿದ್ರಾ? ಇಲ್ಲ. ನೀವು ತಗೊಂಡು ಹೋಗು ಅಂದ್ರಾ? ಇಲ್ಲ. ಅಷ್ಟನ್ನೇ ಬರೀತೀನಿ. ಒಂದಕ್ಷರ ಸುಳ್ಳಿರಲ್ಲ’ ಅಂದ್ರು. ಬರೆದೂ ಕೊಟ್ಟಿದ್ದಾರೆ. ನನ್ನ ಅನುಮತಿ ಇಲ್ಲದೆ ಗಾಡಿ ತಗೊಂಡು ಹೋಗಿದ್ದಾರೆ ಅಂತ. ನನ್ನ ಸಹಿ ಒಂದು ಬಾಕಿ. 24ಕ್ಕೆ ಸ್ಟೇಷನ್‌ನಲ್ಲಿ ಕೊಡಬೇಕು. ಕೊಟ್ರೆ ನಾನು ಹೊರಗೆ. ನಿನ್ನ ಮೇಲೆ ಕಳ್ಳತನಾನೂ ಸೇರತ್ತೆ.

ಆ ಬೀಗದಕೈ ಇಲ್ಲಿರಬಾರದು ಅಂದ್ರು. ಕಳಿಸಿದೆ. ಸೊಂಟ ನೋವೂ ಇಲ್ಲ, ಮಣ್ಣೂ ಇಲ್ಲ. ಮೆಷಿನ್ ಮುಂದೆ ಕೂತ್ರೆ ಆ ಖಾಲಿ ಮೊಳೆ ನನ್ನನ್ನೇ ನೋಡತ್ತೆ ಕಣೋ. ಅದರ ಮೇಲೊಂದು ಕ್ಯಾಲೆಂಡರ್ ನೇತು ಹಾಕಿದೆ. ಕ್ಯಾಲೆಂಡರ್ ಸೊಟ್ಟಗೆ ನಿಂತ್ಕೊಂಡು ಇನ್ನೂ ಚೆನ್ನಾಗಿ ನೋಡೋಕೆ ಶುರು ಮಾಡ್ತು.

ನಿನ್ನೆ ಆ ಹೆಂಗಸಿನ ಮನೆಗೆ ಹೋಗಿದ್ದೆ. ವಕೀಲರು ಬೇಡ ಅಂದಿದ್ರು. ಒಂದೇ ರೂಮು, ಕಾಲನ್ನ ಎರಡು ದಿಂಬಿನ ಮೇಲಿಟ್ಕೊಂಡು ಕೂತಿದ್ಳು. ಎದುರಿಗೆ ಗಿಡ್ಡ ಮೇಜಿಟ್ಟು ಯಾರದೋ ಶರ್ಟಿಗೆ ಇಸ್ತ್ರಿ ಹಾಕ್ತಿದ್ಳು.

‘ಕೂತ್ಕೊಂಡು ಮಾಡೋಕೆ ಬರಲ್ಲ ಅಣ್ಣಾ. ಮೈ ಭಾರ ಕೈಗೆ ಇಳಿಯಲ್ಲ. ನೋಡಿ, ಕಾಲರ್ ಹೇಗೆ ಎದ್ದು ನಿಂತಿದೆ’ ಅಂದ್ಳು. ಆಮೇಲೆ, ‘ನೀವ್ಯಾರು ಅಂತ ಗೊತ್ತಾಗ್ಲಿಲ್ಲ?’

‘ಬೈಕ್ ನಂದಮ್ಮ.’

ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಳು. ಎಸೀತಾಳೇನೋ ಅಂದ್ಕೊಂಡೆ. ‘ಓಡಿಸಿದವರು ಬದುಕಿದ್ದಾರಾ?’ ಅಂದ್ಳು. ದವಡೆ ಮುರಿದಿದೆ, ಮಾತಾಡಲ್ಲ ಅಂದೆ. ‘ಪಾಪ, ಊಟ ಹೇಗೆ ಮಾಡ್ತಾರೆ?’ ಅಂದ್ಳು. ಅವಳ ತಮ್ಮ ಬಾಗಿಲಲ್ಲಿ ನಿಂತಿದ್ದ, ಅವನಿಗೆ ಅಷ್ಟು ತಾಳ್ಮೆ ಇಲ್ಲ. ‘ಊಟದ ಮಾತು ಆಮೇಲೆ. ಕದ್ದ ಗಾಡಿ ಅಂತ ಬರೆಸ್ತಿದ್ದೀರಂತೆ? ಹಾಗಾದ್ರೆ ನಮ್ಮಕ್ಕನಿಗೆ ಯಾರ್ರೀ ಕೊಡೋರು? ಗಡಿಯಾರ ರಿಪೇರಿಯವನಾ? ಅವನ ಹತ್ರ ಇರೋ ಗಡಿಯಾರಾನೂ ಅವನದಲ್ಲ!’ ಅಂದ.

ಚಪ್ಪಲಿ ಮೆಟ್ಕೊಂಡು ಬಂದ ದಾರಿ ಹಿಡಿದೆ.

ಅದಕ್ಕೇ ಹೇಳ್ತಿದ್ದೀನಿ, ನಾನಿನ್ನೂ ಸಹಿ ಹಾಕಿಲ್ಲ. ನಾಳೆ ಸಾಹೇಬ್ರು ಬಂದ್ರೆ ಏನೂ ಹೇಳ್ಬೇಡ. ಬಾಯಿ ಹೇಗೂ ಕಟ್ಟಿದ್ದಾರೆ, ಅದನ್ನೇ ತೋರಿಸು.


ಮಾರ್ಚ್ 21
ಮುಳ್ಳಿನ ಉತ್ತರ

ನಿನ್ನ ಮಾತನ್ನು ಪೂರ್ತಿ ಕೇಳಿದೆ. ಎರಡು ಸಲ. ಆಮೇಲೆಯೇ ಹೇಳಿಕೆ ಕೊಟ್ಟೆ. ಅವರು ಪ್ರಶ್ನೆ ಓದಿದರು, ನಾನು ಎಡಗೈಯಲ್ಲಿ ಬರೆದೆ.

‘ಮಾಲೀಕರನ್ನು ಕೇಳದೆ ಗಾಡಿ ತೆಗೆದುಕೊಂಡು ಹೋದೆ.’

ನೀನು ಮೂರು ಸಲ ಲೈಸೆನ್ಸ್ ಕೇಳಿದೆ ಅಂತ ಕಾಣುತ್ತದೆ, ಎರಡು ಸಲವೋ. ಅದು ಡ್ರಾಯರಿನಲ್ಲೇ ಇದೆ. ಅವಧಿ ಮುಗಿದು ತುಂಬ ದಿನವಾಯಿತು. ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ಬೈಕ್ ಮುಟ್ಟಲು ಬಿಡುತ್ತಿರಲಿಲ್ಲ, ಬಿಡದಿದ್ದರೆ ಗೋಡೆ ಗಡಿಯಾರಗಳನ್ನು ಮನೆಮನೆಗೆ ತಲುಪಿಸುವುದು ಹೇಗೆ ಎಂದು ಸುಮ್ಮನಿದ್ದೆ. ಈಗ ಯೋಚಿಸು. ಇನ್ಷೂರೆನ್ಸ್ ಇಲ್ಲದ ಗಾಡಿಯನ್ನು, ಲೈಸೆನ್ಸ್ ಇಲ್ಲದವನಿಗೆ, ನೀನೇ ಕೊಟ್ಟೆ ಅಂದರೆ ನಿನ್ನ ಮೇಲೆ ಒಂದರ ಮೇಲೊಂದು. ನಾನು ತೆಗೆದುಕೊಂಡೆ ಅಂದರೆ ಯಾವುದೂ ಇಲ್ಲ.

ನೀನು ಬೀಗದಕೈ ಕಳಿಸಿದಾಗ ಒಂದು ರಾತ್ರಿ ಬೇಜಾರಾಯಿತು. ಸುಳ್ಳು ಹೇಳುವುದಿಲ್ಲ. ಈಗಿಲ್ಲ. ನಿನ್ನ ವಕೀಲರು ಬುದ್ಧಿವಂತರು, ಅವರು ಹೇಳಿದ ಹಾಗೆ ಮಾಡು. ಸಹಿ ಹಾಕು. ಇನ್ನು ವಾಯ್ಸ್ ಕಳಿಸಬೇಡ.


ಮಾರ್ಚ್ 22
ಸೂಜಿಯ ವಾಯ್ಸ್ ನೋಟ್

ಕಳಿಸ್ತೀನಿ! ಏನ್ ಮಾಡ್ತೀಯಾ? ಎದ್ದು ಬಂದು ಬಾಯಿ ಮುಚ್ಚಿಸ್ತೀಯಾ?

ಅಲ್ಲ, ಏನಂದ್ಕೊಂಡಿದ್ದೀಯಾ ನಿನ್ನನ್ನ? ದೊಡ್ಡ ತ್ಯಾಗರಾಜ! ಕಳ್ಳ ಅಂತ ಬರೆಸ್ಕೊಂಡು ಬಂದು ನನ್ನ ಪಕ್ಕದ ಅಂಗಡೀಲಿ ಹೇಗೋ ಕೂರ್ತೀಯಾ? ಯಾವನು ತನ್ನ ಕೈಗಡಿಯಾರ ಬಿಚ್ಚಿ ನಿನ್ನ ಕೈಗೆ ಕೊಡ್ತಾನೆ? ಸೋಫಾ ಹೊಲಿಯೋನು ಕಳ್ಳ ಅಂದ್ರೂ ನಡಿಯತ್ತೆ, ಸೋಫಾನ ಯಾರೂ ಜೇಬಲ್ಲಿ ಹಾಕ್ಕೊಂಡು ಹೋಗಲ್ಲ. ಗಡಿಯಾರದವನು ಕಳ್ಳ ಅಂತಾದ್ರೆ ಶಟರ್ ಎಳೀಬೇಕು ಅಷ್ಟೇ. ಅದು ಹೊಳೀಲಿಲ್ವಾ? ಹೊಳೆದಿರತ್ತೆ. ನಿಂಗೆ ಎಲ್ಲ ಹೊಳೆದಿರತ್ತೆ, ಹೇಳೋದೊಂದೇ ಇಲ್ಲ.

ಲೈಸೆನ್ಸೂ ಇಲ್ಲವಂತೆ! ನನ್ನ ಇನ್ಷೂರೆನ್ಸ್ ನಿನಗೆ ಗೊತ್ತಿಲ್ಲ, ನಿನ್ನ ಲೈಸೆನ್ಸ್ ನನಗೆ ಗೊತ್ತಿಲ್ಲ. ನಮ್ಮಿಬ್ಬರನ್ನೂ ಒಂದೇ ಗೋಣಿಚೀಲದಲ್ಲಿ ಹಾಕಿ ಹೊಲಿದುಬಿಡಬೇಕು. ಹೊಲಿಯೋದೂ ನಾನೇ ಆಗ್ಬೇಕು ಅನ್ನೋದೊಂದೇ ತೊಂದರೆ.

ಆ ಬೀಗದಕೈ ವಾಪಸ್ ಕಳಿಸು. ಇವತ್ತೇ.


ಮಾರ್ಚ್ 24, ಸಂಜೆ
ಸೂಜಿಯ ವಾಯ್ಸ್ ನೋಟ್, ಸ್ಟೇಷನ್ ಹೊರಗಿನ ಬೆಂಚಿನಿಂದ

ಆಯ್ತು. ಕೊಟ್ಟೆ. ‘ಗಾಡಿ ನಾನೇ ಕೊಟ್ಟೆ’ ಅಂತ ಹೇಳಿಕೆ ಕೊಟ್ಟೆ. ವಕೀಲರು ಬರೆದಿದ್ದು ಜೇಬಲ್ಲೇ ಇತ್ತು. ಹೊರಗೆ ತೆಗೆದೆ, ಮಡಚಿದೆ, ಸಾಹೇಬರ ಮೇಜು ಕುಂಟುತ್ತಿತ್ತು ನೋಡು, ಅದರ ಕಾಲಡಿ ಇಟ್ಟೆ. ಕೆಲಸದ ಚಾಳಿ.

ಸಾಹೇಬ್ರು ತಲೆ ಹಿಡ್ಕೊಂಡ್ರು. ‘ಏನ್ರೀ ಇದು? ಅವರು ಕದ್ದೆ ಅಂತಾರೆ, ನೀವು ಕೊಟ್ಟೆ ಅಂತೀರಾ. ಎಲ್ಲರೂ ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳ್ತಾರೆ, ನೀವಿಬ್ರು ಸಿಕ್ಕಿಹಾಕ್ಕೊಳ್ಳೋಕೆ ಹೇಳ್ತಿದ್ದೀರಲ್ಲ!’

‘ಸುಳ್ಳು ಯಾರೂ ಹೇಳಿಲ್ಲ ಸಾರ್. ಅವನು ಕೇಳಲಿಲ್ಲ, ನಿಜ. ನಾನು ಕೊಟ್ಟಿದ್ದೆ, ಅದೂ ನಿಜ’ ಅಂತ ಮೊಳೆ ಕಥೆ ಶುರು ಮಾಡಿದೆ. ಪೂರ್ತಿ ಹೇಳಿದೆ. ಪಕ್ಕದ ಮೇಜಿನವರು ತಮ್ಮ ಕೆಲಸ ಬಿಟ್ಟು ಕೇಳ್ತಾ ಕೂತ್ರು.

‘ಸರಿ, ಆ ಬೀಗದಕೈ ತೋರಿಸಿ.’

‘ಕಳಿಸಿಬಿಟ್ಟೆ ಸಾರ್.’

‘ಯಾರಿಗೆ?’

‘ಅವನಿಗೇ.’

ಪಕ್ಕದ ಮೇಜಿನವರು ನಕ್ಕರು. ಸಾಹೇಬ್ರು ನಗಲಿಲ್ಲ. ಬೀದಿಯವರನ್ನ ಕೇಳಿ ಸಾರ್ ಅಂದೆ. ಬೀದಿಯವರು ನೂರು ಜನ ನೂರು ಹೇಳ್ತಾರೆ, ನಾಳೆ ಅದನ್ನೇ ತಿರುಗಿಸಿ ಹೇಳ್ತಾರೆ, ಅದರ ಮೇಲೆ ನಾನು ಬರೆಯೋಕಾಗಲ್ಲ ಅಂದ್ರು. ‘ಅವರೇ ಬೀಗದಕೈ ಕಳಿಸಲಿ, ಇದನ್ನ ನಾನೇ ಮೊಳೆಗೆ ಹಾಕಿದ್ದೆ ಅಂತ ಬರೆದೂ ಕೊಡಲಿ. ನನ್ನೆದುರಿಗೆ ಅದರಿಂದ ನೀವು ಬೀಗ ತೆಗೀರಿ. ಆಗ ನಂಬ್ತೀನಿ. ತಿಂಗಳ ಕೊನೆಗೆ ನಾನು ಕೋರ್ಟಿಗೆ ಕಳಿಸ್ಬೇಕು. ಅದರೊಳಗೆ ಬರಲಿಲ್ಲ ಅಂದ್ರೆ ಅವರ ಮಾತೇ ಮಾತು, ಕಳ್ಳತನ ಅಂತಾನೇ ಹೋಗತ್ತೆ.’

ಕೇಳಿಸ್ತಾ? ನೀನು ಕಳಿಸ್ಬೇಕು. ನಾನು ಎಷ್ಟು ಮಾತಾಡಿದ್ರೂ ಈಗ ಕೆಲಸಕ್ಕೆ ಬರಲ್ಲ.


ಮಾರ್ಚ್ 26
ಸೂಜಿಯ ವಾಯ್ಸ್ ನೋಟ್

ಕೊರಿಯರ್‌ನವನು ಬೀದಿಯಲ್ಲಿ ಬಂದ. ನಮ್ಮ ಅಂಗಡಿ ದಾಟಿ ಹೋದ. ಕರೆದು ಕೇಳ್ದೆ, ಇಲ್ಲ ಅಂದ.


ಮಾರ್ಚ್ 27
ಸೂಜಿಯ ವಾಯ್ಸ್ ನೋಟ್

ಕೇಳಿಸ್ಕೊಂಡಿದ್ದೀಯಾ ಅಂತ ಫೋನು ತೋರಿಸ್ತಿದೆ. ನೀಲಿ ಗೆರೆ ಬಿದ್ದಿದೆ. ಮುಳ್ಳು...

ಏನಿಲ್ಲ.


ಮಾರ್ಚ್ 28
ಮುಳ್ಳಿನ ಉತ್ತರ

ಬೀಗದಕೈ ನನ್ನ ದಿಂಬಿನ ಕೆಳಗಿತ್ತು. ಕಳಿಸಬಾರದು ಎಂದೇ ಇದ್ದೆ. ಕಳಿಸಿದರೆ ನಿನ್ನ ಮೆಷಿನ್ ಹೋಗಬಹುದು. ಆ ಮೆಷಿನ್ ಸದ್ದಿಲ್ಲದೆ ನನ್ನ ಅಂಗಡಿಯಲ್ಲಿ ಕೂರುವುದು ಹೇಗೆ ಎಂದು ಯೋಚಿಸಿದೆ. ಅಂಗಡಿಯೇ ಇಲ್ಲದಿದ್ದರೆ ಕೂರುವ ಪ್ರಶ್ನೆ ಎಲ್ಲಿ ಬಂತು ಅಂತಲೂ ಯೋಚಿಸಿದೆ. ಯೋಚನೆ ಸುತ್ತುತ್ತಲೇ ಇತ್ತು, ಎಲ್ಲೂ ಹೊಡೆಯಲಿಲ್ಲ.

ನಿನ್ನೆ ರಾತ್ರಿ ಅತ್ತಿಗೆ ಫೋನ್ ಮಾಡಿದರು. ಬೀಗದಕೈ ಕಳಿಸಬೇಡ ಅನ್ನುತ್ತಾರೆ ಅಂದುಕೊಂಡೆ. ಅವರು ಹೇಳಿದ್ದು ಇಷ್ಟು: ‘ನೀನು ಮಾತಾಡೋ ಹಾಗಿಲ್ಲ, ಸುಮ್ನೆ ಕೇಳಪ್ಪಾ. ಮೂರು ದಿನದಿಂದ ನಿನ್ನ ಸೂಜಿ ಮನೆಯಲ್ಲಿ ಮಾತಾಡ್ತಿಲ್ಲ. ಊಟಕ್ಕೆ ಬಾ ಅಂದ್ರೆ ಬರ್ತಾರೆ, ತಿಂತಾರೆ, ಏಳ್ತಾರೆ. ಮೆಷಿನ್ ಹೋದ್ರೆ ನಾನು ಹೇಗೋ ಸಂಸಾರ ತೂಗಿಸ್ತೀನಿ. ಇದನ್ನ ನನ್ನ ಕೈಲಿ ತಡ್ಕೊಳ್ಳೋಕೆ ಆಗಲ್ಲ. ಆ ದರಿದ್ರ ಬೀಗದಕೈ ಕಳಿಸು.’

ನಾಳೆ ತಂಗಿಯ ಯಜಮಾನರೇ ಬಸ್ಸಿನಲ್ಲಿ ತರುತ್ತಾರೆ. ‘ಇದನ್ನು ನಾನೇ ಮೊಳೆಗೆ ಹಾಕಿದ್ದೆ, ಯಾವಾಗಲೂ ಹಾಗೆಯೇ ಮಾಡುತ್ತಿದ್ದೆ’ ಎಂದು ಬರೆದು ಸಹಿ ಮಾಡಿ ಅದರ ಜೊತೆಗಿಟ್ಟಿದ್ದೇನೆ. ಎಡಗೈ ಸಹಿ. ಸಾಹೇಬರು ನಂಬುತ್ತಾರೋ ಇಲ್ಲವೋ.


ಮಾರ್ಚ್ 30, ಸಂಜೆ
ಸೂಜಿಯ ವಾಯ್ಸ್ ನೋಟ್

ಮನೆಯವಳು ನಿಂಗೆ ಫೋನ್ ಮಾಡಿದ್ದು ನಂಗೆ ನಿನ್ನ ಮೆಸೇಜ್ ನೋಡೋವರೆಗೂ ಗೊತ್ತಿರ್ಲಿಲ್ಲ. ಕೇಳಿದ್ರೆ ‘ಹಾಲು ಉಕ್ಕತ್ತೆ, ಆ ಕಡೆ ಹೋಗಿ’ ಅಂದ್ಳು. ಒಲೆ ಮೇಲೆ ಹಾಲೇ ಇರ್ಲಿಲ್ಲ.

ಕೇಳು. ನಿನ್ನ ಭಾವ ನಿನ್ನೆ ರಾತ್ರಿ ಬಂದ್ರು. ಇವತ್ತು ಹತ್ತು ಗಂಟೆಗೆ ಸಾಹೇಬ್ರು ಬಂದ್ರು. ಬೀದಿ ಪೂರ್ತಿ ನಿಂತಿತ್ತು, ಔಷಧಿ ಅಂಗಡಿಯವನು ಕುರ್ಚಿ ಹಾಕ್ಕೊಂಡೇ ಕೂತಿದ್ದ. ನೀನು ಬರೆದಿದ್ದನ್ನ ಸಾಹೇಬ್ರು ಎರಡು ಸಲ ಓದಿದ್ರು. ನಿನ್ನ ಮೊದಲನೇ ಹೇಳಿಕೆ ಪಕ್ಕದಲ್ಲಿಟ್ಟು ಅಕ್ಷರ ಹೋಲಿಸಿದ್ರು. ಎರಡೂ ಕಾಗೆ ಕಾಲು ಗುಬ್ಬಿ ಕಾಲು. ಆಮೇಲೆ ‘ತೆಗೀರಿ’ ಅಂದ್ರು.

ಬೀಗಕ್ಕೆ ಹಾಕಿದೆ, ತಿರುಗಲಿಲ್ಲ. ಇನ್ನೊಂದು ಸಲ ಹಾಕಿದೆ, ಇಲ್ಲ. ಸಾಹೇಬ್ರು ನನ್ನ ಮುಖ ನೋಡ್ತಿದ್ದಾರೆ, ಬೀಗ ನೋಡ್ತಿಲ್ಲ. ಆಗ ನೆನಪಾಯ್ತು, ನಿನ್ನ ಬೀಗಾನ ಸ್ವಲ್ಪ ಮೇಲಕ್ಕೆತ್ತಿ ಎಡಕ್ಕೆ ತಳ್ಳಿ ತಿರುಗಿಸ್ಬೇಕು. ತಳ್ಳಿದೆ. ತೆಗೀತು. ಸಾಹೇಬ್ರು ಆಗ ಒಂದು ಮಾತು ಹೇಳಿದ್ರು, ‘ಬೀಗ ತೆಗೆದಿದ್ದಕ್ಕಲ್ಲ, ಹೇಗೆ ತೆಗೀಬೇಕು ಅಂತ ನಿಮ್ಮ ಕೈಗೆ ಗೊತ್ತಿತ್ತಲ್ಲ, ಅದಕ್ಕೆ ನಂಬ್ತೀನಿ.’

ಒಳಗೆ ಗಡಿಯಾರಗಳೆಲ್ಲ ನಿಂತುಹೋಗಿದ್ವು. ಒಂದೊಂದು ಒಂದೊಂದು ಹೊತ್ತಲ್ಲಿ. ಉದ್ದನೇದೂ ನಿಂತಿತ್ತು.

ಕಳ್ಳತನ ಹೊಡೆದುಹಾಕಿದ್ರು. ಉಳಿದಿದ್ದೆಲ್ಲ ಹಾಗೇ ಇದೆ, ಅದನ್ನ ಮುಚ್ಚಿಡಲ್ಲ. ನಿನ್ನ ಮೇಲೆ ಜೋರಾಗಿ ಓಡಿಸಿ ಗುದ್ದಿದ್ದು, ಲೈಸೆನ್ಸ್ ಇಲ್ಲದ್ದು. ನನ್ನ ಮೇಲೆ ಇನ್ಷೂರೆನ್ಸ್ ಇಲ್ಲದೆ ಕೊಟ್ಟಿದ್ದು, ಲೈಸೆನ್ಸ್ ಇಲ್ಲದವನಿಗೆ ಕೊಟ್ಟಿದ್ದು. ಗೊತ್ತಿರ್ಲಿಲ್ಲ ಸಾರ್ ಅಂದ್ರೆ ‘ಕೇಳ್ಬೇಕಿತ್ತು’ ಅಂದ್ರು. ಕೇಳೋದು ನಮ್ಮಲ್ಲಿ ಪದ್ಧತಿ ಇಲ್ಲ ಅನ್ನೋಕೆ ಹೋಗಿ ಬಾಯಿ ಮುಚ್ಕೊಂಡೆ. ಆ ಹೆಂಗಸಿನ ಪರಿಹಾರ ನಮ್ಮಿಬ್ಬರ ತಲೆ ಮೇಲೂ ಬರತ್ತೆ, ಎಷ್ಟು ಅಂತ ಕೋರ್ಟು ಹೇಳ್ಬೇಕು. ದೊಡ್ಡ ಮೆಷಿನ್ ನೋಡೋಕೆ ಒಬ್ಬರು ಬಂದು ಹೋದ್ರು. ಇನ್ನೂ ಹ್ಞೂಂ ಅಂದಿಲ್ಲ. ಹಳೇ ಕೈಮೆಷಿನ್ ಅಟ್ಟದಲ್ಲಿದೆ, ಇಳಿಸಿ ಎಣ್ಣೆ ಬಿಟ್ಟಿದ್ದೀನಿ. ಆ ಇಸ್ತ್ರಿ ಹೆಂಗಸಿಗೆ ಒಂದು ಎತ್ತರದ ಸ್ಟೂಲು ಮಾಡಿಸ್ತಿದ್ದೀನಿ, ಅರ್ಧ ಕೂತ ಹಾಗೆ, ಅರ್ಧ ನಿಂತ ಹಾಗೆ, ಮೈ ಭಾರ ಕೈಗೆ ಇಳಿಯೋ ಥರ. ಸೀಟಿಗೆ ಬೈಕಿನ ಸೀಟಲ್ಲಿದ್ದ ಆ ಒಳ್ಳೇ ಸ್ಪಂಜನ್ನೇ ಹಾಕಬೇಕು ಅಂತಿದ್ದೀನಿ, ಬೈಕ್ ಬಿಟ್ಟುಕೊಟ್ರೆ. ಅವಳ ತಮ್ಮ ಇನ್ನೂ ನನ್ನನ್ನ ನೋಡಿದ್ರೆ ಮುಖ ತಿರುಗಿಸ್ತಾನೆ. ತಿರುಗಿಸ್ಲಿ.

ಕೊನೇದು ಒಂದಿದೆ. ಸಾಹೇಬ್ರು ನಿನ್ನ ಬೀಗದಕೈಯನ್ನ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಕೇಸು ಮುಗಿಯೋವರೆಗೂ ನಮ್ಮ ಹತ್ರ ಇರಲಿ ಅಂತ ತಗೊಂಡು ಹೋದ್ರು. ನಿನ್ನ ಶಟರಿಗೆ ನನ್ನದೊಂದು ಬೀಗ ಹಾಕಿದ್ದೀನಿ. ಅಂದ್ರೆ ಲೆಕ್ಕ ಏನಾಯ್ತು? ನಿನ್ನ ಬೀಗದಕೈ ನಾನು ತಗೊಂಡು ಇನ್ನೊಬ್ಬರಿಗೆ ಕೊಟ್ಟೆ, ಬದಲಿಗೆ ನನ್ನದೇನೂ ಇಡಲಿಲ್ಲ. ಹೋದ ಸಲಾನೂ ಹಾಗೇ ಮಾಡಿದ್ದೆ, ಮೊಳೆಯಿಂದ ತೆಗೆದು ಕಳಿಸಿ. ಅದಕ್ಕೇ ಇಷ್ಟೆಲ್ಲ ಆಗಿದ್ದು.

ನನ್ನ ಅಂಗಡಿ ಬೀಗದಕೈಯನ್ನ ನಿನ್ನ ಭಾವನ ಕೈಲಿ ಕಳಿಸ್ತಿದ್ದೀನಿ. ಇನ್ನೊಂದು ಮನೆಯವಳ ಸೆರಗಿನ ಗಂಟಲ್ಲಿದೆ, ಬೆಳಿಗ್ಗೆ ಅವಳ ಹತ್ರ ಇಸ್ಕೊಂಡು ಶಟರ್ ಎತ್ತುತ್ತೀನಿ. ನಿನ್ನ ಮಂಚದ ಪಕ್ಕ ಗೋಡೆಯಲ್ಲಿ ಮೊಳೆ ಇದ್ರೆ ತಗುಲಿಹಾಕು. ಇಲ್ಲದಿದ್ರೆ ಒಂದು ಹೊಡೆಸು. ಹೊಡೆಸೋ ಮೊದಲು ತಂಗೀನ ಒಂದು ಮಾತು ಕೇಳು, ಗೋಡೆ ಅವಳದು.

ಇರು, ಫೋನ್ ಇಲ್ಲೇ ಹಿಡೀತೀನಿ. ಉದ್ದನೇದಕ್ಕೆ ಈಗ ಕೀ ಕೊಡ್ತಿದ್ದೀನಿ. ಹೆಚ್ಚು ತಿರುಗಿಸಲ್ಲ, ಗೊತ್ತು ಗೊತ್ತು, ಸ್ಪ್ರಿಂಗ್ ಹಳೇದು.

ಬಂತಾ ಸದ್ದು?

ನಾನು ಸುಮ್ನಿರ್ತೀನಿ. ಕೇಳಿಸ್ಕೋ.